ಬಡಾವಣೆಯ ಆಟದ ಕ್ಲಬ್ಬು: ಬೀಗದ ಕೈ ಯಾರ ಬಳಿ?

ಟೆನಿಸ್ ಎಂದ ಕೂಡಲೇ ನಮ್ಮ ಮನೆಗಳಲ್ಲಿ ನೆನಪಾಗುವುದು ಸಾನಿಯಾ ಮಿರ್ಝಾ. ಆದರೆ ತಿಲಕ್‌ನಗರದಲ್ಲೋ ಗುರಪ್ಪನಪಾಳ್ಯದಲ್ಲೋ ಅಂಗಡಿಗೆ ಹೋಗಿ ಟೆನಿಸ್ ಬಾಲ್ ಕೇಳುವ ಹುಡುಗನಿಗೆ ಅದು ಗಲ್ಲಿ ಕ್ರಿಕೆಟ್ಟಿನ ಚೆಂಡು. ಹೀಗೆ ಎಷ್ಟೋ ಟೆನಿಸ್ ಚೆಂಡುಗಳು ಟೆನಿಸ್ ಅಂಕಣವನ್ನೇ ಕಾಣದೆ ಸವೆದು ಹೋಗುತ್ತವೆ. ಆ ಹುಡುಗನ ತಂಗಿಯ ಕೈಗಂತೂ ಚೆಂಡು ಬರುವುದೇ ಅಪರೂಪ.

ಸಾನಿಯಾ 2003ರಲ್ಲಿ ವಿಂಬಲ್ಡನ್‌ನ ಬಾಲಕಿಯರ ಡಬಲ್ಸ್ ಗೆದ್ದರು. 2005ರಲ್ಲಿ ಹೈದರಾಬಾದಿನ ಡಬ್ಲ್ಯುಟಿಎ ಟೂರ್ನಿ ಗೆದ್ದು ಮನೆಮಾತಾದರು. ಆರು ಗ್ರ್ಯಾಂಡ್‌ಸ್ಲಾಮ್ ಡಬಲ್ಸ್ ಪ್ರಶಸ್ತಿಗಳ ಬಳಿಕ 2023ರಲ್ಲಿ ನಿವೃತ್ತರಾದರು. ಆ ಇಪ್ಪತ್ತು ವರ್ಷಗಳಲ್ಲಿ ನಮ್ಮ ಸಮುದಾಯದಲ್ಲಿ ಅವರ ಆಟಕ್ಕಿಂತ ಅವರ ಉಡುಪಿನ ಬಗ್ಗೆ ನಡೆದ ಚರ್ಚೆಯೇ ಹೆಚ್ಚು. ಉಡುಪಿನ ಪ್ರಶ್ನೆ ಸಣ್ಣದೆಂದು ನಾನು ಹೇಳುತ್ತಿಲ್ಲ. ಆದರೆ ಅದರ ಗದ್ದಲದಲ್ಲಿ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನಮ್ಮ ಹೆಣ್ಣುಮಕ್ಕಳು ಆಡಬೇಕೆಂದರೆ ಎಲ್ಲಿ ಆಡಬೇಕು? ಆ ಜಾಗದ ಬಾಗಿಲನ್ನು ತೆರೆಯುವವರು ಯಾರು?

ಸಾನಿಯಾ ತಾನು ಎಳವೆಯಲ್ಲಿ ಆಡಿದ್ದು ಸಗಣಿ ಸಾರಿಸಿದ ಅಂಕಣಗಳಲ್ಲಿ ಎಂದು ಅನೇಕ ಬಾರಿ ಹೇಳಿಕೊಂಡಿದ್ದಾರೆ. ಅಂಥ ಅಂಕಣವೂ ತಾನಾಗಿ ಸಿದ್ಧವಾಗುವುದಿಲ್ಲ. ಬೆಳಿಗ್ಗೆ ಎದ್ದು ಸಾರಿಸುವವರು ಬೇಕು, ಗೆರೆ ಎಳೆಯುವವರು ಬೇಕು, ಬಲೆ ಕಟ್ಟುವವರು ಬೇಕು. ಜಗತ್ತಿನ ಅನೇಕ ಊರುಗಳಲ್ಲಿ ಈ ಕೆಲಸವನ್ನು ಮಾಡಿದ್ದು ಸರಕಾರವೂ ಅಲ್ಲ, ಕಂಪೆನಿಯೂ ಅಲ್ಲ, ಸಂಬಳ ಪಡೆಯದ ನೆರೆಹೊರೆಯವರು. ಅವರು ಕಟ್ಟಿದ ಬಡಾವಣೆ ಕ್ಲಬ್ಬಿಗೆ ನೂರೈವತ್ತು ವರ್ಷಗಳ ಇತಿಹಾಸವಿದೆ. ಅದರಲ್ಲಿ ನಮಗೆ ಸಂಬಂಧಪಟ್ಟ ಸಂಗತಿಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚೇ ಇವೆ.

ಮೂರು ಸೈಟು, ಒಂದು ಅಂಕಣ

ಬೆಂಗಳೂರಿನಲ್ಲಿ ಬಡಾವಣೆ ಎಂಬ ಕಲ್ಪನೆ ಗಟ್ಟಿಯಾದದ್ದು 1898ರ ಪ್ಲೇಗಿನ ನಂತರ. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ ಮತ್ತು ಮಲ್ಲೇಶ್ವರಗಳನ್ನು ಅಗಲವಾದ ರಸ್ತೆ, ಉದ್ಯಾನಗಳೊಂದಿಗೆ ಬೆಳೆಸಲಾಯಿತು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಬಂತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಅದರ ಬಳಿಕ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟ್ ಬೆಳೆದವು. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿಗಳು ಮೂರು ಅಕ್ಷರಗಳಲ್ಲಿ ಅಡಗಿ ಕೂತಿವೆ.

ಈ ಬಡಾವಣೆಗಳಲ್ಲಿ ಜಾಗವನ್ನು ಅಳೆಯುವುದು ಸೈಟಿನ ಲೆಕ್ಕದಲ್ಲಿ. ಟೆನಿಸ್ ಅಂಕಣದ ಗೆರೆಗಳ ಒಳಗಿನ ಉದ್ದ 78 ಅಡಿ. ಡಬಲ್ಸ್ ಆಟಕ್ಕೆ ಅಗಲ 36 ಅಡಿ. ಓಡಿ ಚೆಂಡು ಹಿಡಿಯಲು ಸುತ್ತ ಬಿಡಬೇಕಾದ ಜಾಗವನ್ನೂ ಸೇರಿಸಿದರೆ 120 ಅಡಿಗೆ 60 ಅಡಿ, ಅಂದರೆ 7200 ಚದರ ಅಡಿ. ಅರವತ್ತು-ನಲವತ್ತರ ಸೈಟಿಗೆ 2400 ಚದರ ಅಡಿ. ಜಯನಗರದ ಮೂರು ದೊಡ್ಡ ಸೈಟುಗಳು ಸೇರಿದರೆ ಒಂದೇ ಒಂದು ಟೆನಿಸ್ ಅಂಕಣ. ಅದರಲ್ಲಿ ಒಂದು ಹೊತ್ತಿಗೆ ಆಡುವವರು ಹೆಚ್ಚೆಂದರೆ ನಾಲ್ವರು! ಇಂದು ಆ ಮೂರು ಸೈಟಿನ ಬೆಲೆ ಎಷ್ಟೆಂದು ಬಾಡಿಗೆ ಮನೆಯಲ್ಲಿರುವ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನಮ್ಮ ನಗರದಲ್ಲಿ ಟೆನಿಸ್ ಬಹಳ ಕಾಲ ದೊಡ್ಡ ಕ್ಲಬ್ಬುಗಳ ಆವರಣದಲ್ಲೂ ಕಬ್ಬನ್ ಪಾರ್ಕಿನ ರಾಜ್ಯ ಟೆನಿಸ್ ಸಂಸ್ಥೆಯ ಅಂಕಣಗಳಲ್ಲೂ ಉಳಿಯಿತು. ಬಡಾವಣೆಯ ಸಾಮಾನ್ಯ ಮನೆಗಳು ಅದರ ತಮ್ಮನಂತಿರುವ ಆಟಗಳನ್ನು ಹಿಡಿದುಕೊಂಡವು. ಹಳದಿ ಉಣ್ಣೆ ಚೆಂಡಿನ ಬಾಲ್ ಬ್ಯಾಡ್ಮಿಂಟನ್, ಮತ್ತು ಶಟಲ್ ಬ್ಯಾಡ್ಮಿಂಟನ್. ಶಟಲ್ ಅಂಕಣ 44 ಅಡಿಗೆ 20 ಅಡಿ, ಬರೀ 880 ಚದರ ಅಡಿ. ಸೂರು ಎತ್ತರವಿದ್ದರೆ ಒಳಾಂಗಣದಲ್ಲೇ ಆಡಬಹುದು. ಹೊರಗೆ ಆಡಿದರೆ ಗಾಳಿಯೇ ಮೂರನೆಯ ಆಟಗಾರ.

ಮದುವೆ ಮಂಟಪದ ಚಾಂಪಿಯನ್

ಸಂಬಳವಿಲ್ಲದವರು ನಡೆಸಿದ ಕ್ಲಬ್ಬು ಏನು ಮಾಡಬಲ್ಲದು ಎಂಬುದಕ್ಕೆ ಬೆಂಗಳೂರಿನಲ್ಲೇ ಒಂದು ಉದಾಹರಣೆಯಿದೆ. ಅದು ದಕ್ಷಿಣದಲ್ಲಲ್ಲ, ಮಲ್ಲೇಶ್ವರದಲ್ಲಿ. ಕರಾವಳಿಯಿಂದ ಉದ್ಯೋಗಕ್ಕಾಗಿ ಬಂದ ಕುಟುಂಬಗಳು ಅಲ್ಲಿ ಕೆನರಾ ಯೂನಿಯನ್ ಎಂಬ ಸಂಘ ಕಟ್ಟಿಕೊಂಡಿದ್ದವು. ಸಂಘಕ್ಕೊಂದು ಸಭಾಂಗಣ. ಮದುವೆ, ಮುಂಜಿ, ಸಂಗೀತ ಕಚೇರಿ, ನಾಟಕ ಎಲ್ಲವೂ ಅಲ್ಲೇ.

ಆ ಸಭಾಂಗಣದ ಹತ್ತಿರ ರಮೇಶ್ ಪಡುಕೋಣೆ ಎಂಬವರ ಮನೆಯಿತ್ತು. ಅವರು ಅನೇಕ ವರ್ಷ ಮೈಸೂರು ಬ್ಯಾಡ್ಮಿಂಟನ್ ಅಸೋಸಿಯೇಶನ್ನಿನ ಕಾರ್ಯದರ್ಶಿಯಾಗಿದ್ದರು. ಅವರ ಮಗ ಪ್ರಕಾಶ್ ಬ್ಯಾಡ್ಮಿಂಟನ್ ಕಲಿತದ್ದು ಇದೇ ಮದುವೆ ಹಾಲಿನಲ್ಲಿ. ಹಲವು ದಶಕಗಳ ನಂತರ ತನ್ನ ಹೆಣ್ಣುಮಕ್ಕಳಿಗೆ ಬರೆದ ಪತ್ರದಲ್ಲಿ ಪ್ರಕಾಶ್ ಅದನ್ನು ನೆನಪಿಸಿಕೊಂಡಿದ್ದಾರೆ. ದಿನವೂ ಹಾಲಿನಲ್ಲಿ ಸಮಾರಂಭವಿದೆಯೇ ಇಲ್ಲವೇ ಎಂದು ಕಾದು ನೋಡುವುದು, ಇಲ್ಲವೆಂದಾದರೆ ಶಾಲೆ ಮುಗಿದೊಡನೆ ಓಡಿ ಬಂದು ಆಡುವುದು. ನಗರದಲ್ಲಿ ಬೇರೆ ಸೌಕರ್ಯಗಳಿಲ್ಲದ ಕಾಲವದು. ಹುಡುಗ ರಾಜ್ಯ ಕಿರಿಯರ ಮೊದಲ ಟೂರ್ನಿಯಲ್ಲಿ ಮೊದಲ ಸುತ್ತಿನಲ್ಲೇ ಸೋತ. ಎರಡು ವರ್ಷದಲ್ಲಿ ಅದೇ ಪ್ರಶಸ್ತಿ ಗೆದ್ದ. ಹದಿನಾರನೆಯ ವಯಸ್ಸಿಗೆ ರಾಷ್ಟ್ರೀಯ ಚಾಂಪಿಯನ್ ಆದ. 1980ರಲ್ಲಿ ಇಂಡೋನೇಶ್ಯಾದ ಲಿಮ್ ಸ್ವೀ ಕಿಂಗ್‌ರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದ.

ಈ ಕಥೆಯನ್ನು ಸಾಮಾನ್ಯವಾಗಿ ಒಬ್ಬ ಪ್ರತಿಭಾವಂತನ ಕಥೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಹೆಚ್ಚು ಮುಖ್ಯವಾಗಿ ಕಾಣುವುದು ಹಾಲು. ಆ ಹಾಲು ಕಟ್ಟಿದ್ದು ಆಟಕ್ಕಾಗಿ ಅಲ್ಲ. ಆದರೆ ಮದುವೆ ಇಲ್ಲದ ದಿನ ಅದನ್ನು ಬೀಗ ಹಾಕಿಡಬೇಕಾಗಿಲ್ಲ ಎಂದು ಸಂಘದ ಹಿರಿಯರು ತೀರ್ಮಾನಿಸಿದರು. ಹಿಂದಿನ ರಾತ್ರಿಯ ಊಟದ ಎಲೆ, ಚೆಲ್ಲಿದ ಅಕ್ಕಿ ಗುಡಿಸಿ ನೆಲ ಒರೆಸಿ ಬಲೆ ಕಟ್ಟುವ ರಗಳೆಗೆ ಯಾರೋ ತಲೆಕೊಟ್ಟರು. ಅಷ್ಟಾಗದಿದ್ದರೆ ಆ ಹುಡುಗ ಎಲ್ಲಿ ಆಡುತ್ತಿದ್ದ?

ರೋಲರ್ ರಿಪೇರಿಗೆ ಹಣವಿರಲಿಲ್ಲ

ಇಂಥ ಸಂಘದ ಅಚ್ಚು ನಮ್ಮಲ್ಲಿಗೆ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ ಅದನ್ನು ಪ್ರಸಿದ್ಧಗೊಳಿಸಿದ ಆಟ ಟೆನಿಸ್.

1872ರಲ್ಲಿ ಲೆಮಿಂಗ್ಟನ್ ಎಂಬ ಪಟ್ಟಣದಲ್ಲಿ ಹ್ಯಾರಿ ಜೆಮ್ ಎಂಬ ವಕೀಲ, ಔಗುರಿಯೊ ಪೆರೇರಾ ಎಂಬ ಸ್ಪೇನ್ ಮೂಲದ ವ್ಯಾಪಾರಿ ಮತ್ತು ಇಬ್ಬರು ವೈದ್ಯರು ಸೇರಿ ಮೊದಲ ಲಾನ್ ಟೆನಿಸ್ ಕ್ಲಬ್ ಆರಂಭಿಸಿದರು. ಎರಡು ವರ್ಷದ ನಂತರ ಮೇಜರ್ ವಿಂಗ್‌ಫೀಲ್ಡ್ ಎಂಬವರು ಈ ಆಟದ ಪೆಟ್ಟಿಗೆಯನ್ನೇ ಪೇಟೆಂಟ್ ಪಡೆದು ಮಾರಿದರು. ಆ ಕಾಲಕ್ಕೆ ರೈಲು ಲಂಡನ್ನಿನ ಹೊರವಲಯಗಳನ್ನು ಬೆಸೆದಿತ್ತು. ಬಡಾವಣೆಗಳಲ್ಲಿ ಗುಮಾಸ್ತರು, ವಕೀಲರು, ಪಾದ್ರಿಗಳ ಕುಟುಂಬಗಳು ನೆಲೆಸಿದ್ದವು. ಹುಲ್ಲು ಕತ್ತರಿಸುವ ಯಂತ್ರ ಬಂದಿತ್ತು. ರಬ್ಬರಿನ ಚೆಂಡು ಹುಲ್ಲಿನ ಮೇಲೆ ಪುಟಿಯುತ್ತಿತ್ತು. ಕೆಲವೇ ದಶಕಗಳಲ್ಲಿ ಬಡಾವಣೆ ಬಡಾವಣೆಗೂ ಒಂದು ಕ್ಲಬ್ಬಾಯಿತು.

ಇಂದು ಕೋಟಿಗಟ್ಟಲೆ ಹಣ ಹರಿಯುವ ವಿಂಬಲ್ಡನ್ನಿನ ಹುಟ್ಟೂ ಇಂಥದ್ದೇ. 1868ರಲ್ಲಿ ಕ್ರೋಕೆ ಆಟಕ್ಕಾಗಿ ಆರಂಭವಾದ ಕ್ಲಬ್ಬು ಹಣದ ಮುಗ್ಗಟ್ಟಿನಲ್ಲಿತ್ತು. ಹುಲ್ಲನ್ನು ಸಮತಟ್ಟು ಮಾಡಲು ಕುದುರೆಮರಿ ಎಳೆಯುವ ರೋಲರೊಂದಿತ್ತು, ಅದು ಕೆಟ್ಟು ಕೂತಿತ್ತು. ಅದರ ರಿಪೇರಿಗೆ ಹಣ ಹೊಂದಿಸಲೆಂದು 1877ರಲ್ಲಿ ಟೆನಿಸ್ ಸ್ಪರ್ಧೆ ಇಟ್ಟರೆಂದು ಆ ಕ್ಲಬ್ಬಿನ ಇತಿಹಾಸ ಹೇಳುತ್ತದೆ. ಇಪ್ಪತ್ತೆರಡು ಆಟಗಾರರು, ಫೈನಲ್ ನೋಡಲು ತಲಾ ಒಂದು ಶಿಲ್ಲಿಂಗ್ ಕೊಟ್ಟು ಬಂದ ಸುಮಾರು ಇನ್ನೂರು ಜನ. ಮಸೀದಿಯ ಮೋಟಾರು ಕೆಟ್ಟಾಗ ಚಂದಾ ಎತ್ತುವ ನಮ್ಮ ಕಮಿಟಿಯವರಿಗೆ ಈ ಕಥೆ ಕೇಳಿದರೆ ನಗು ಬಂದೀತು.

ಬಡಾವಣೆ ಕ್ಲಬ್ಬಿನಲ್ಲಿ ಸಂಬಳದವರೆಂದರೆ ಹುಲ್ಲು ನೋಡಿಕೊಳ್ಳುವವನೊಬ್ಬ, ಅದೂ ಇದ್ದರೆ ಇತ್ತು. ಉಳಿದದ್ದೆಲ್ಲ ಗೌರವ ಹುದ್ದೆ. ಗೌರವ ಕಾರ್ಯದರ್ಶಿ ಪತ್ರ ಬರೆಯುತ್ತಾನೆ, ಬಯ್ಗುಳ ತಿನ್ನುತ್ತಾನೆ. ಖಜಾಂಚಿ ಚಂದಾ ಬಾಕಿಯವರ ಹಿಂದೆ ಅಲೆಯುತ್ತಾನೆ. ಗೆರೆಗೆ ಸುಣ್ಣ ಬಳಿಯಲು, ಬಲೆ ಹೊಲಿಯಲು, ಎಲೆ ಗುಡಿಸಲು ಸರದಿ. ಈ ಸರದಿಯಲ್ಲಿ ಒಂದು ಕೆಲಸ ಮಾತ್ರ ಗಂಡಸರ ಪಾಲಿಗೆ ಬರುತ್ತಿದ್ದುದು ಕಡಿಮೆ. ಶನಿವಾರದ ಚಹಾ, ಕೇಕು, ಸ್ಯಾಂಡ್‌ವಿಚ್! ಅದು ಹೆಂಗಸರ ಜವಾಬ್ದಾರಿ. ಹಲವು ಕ್ಲಬ್ಬುಗಳಲ್ಲಿ ಹೆಂಗಸರು ಅರ್ಧ ಚಂದಾ ಕೊಡುವ ಸದಸ್ಯರಾಗಿ ಆಡಬಹುದಿತ್ತು, ಚಹಾ ಮಾಡಬಹುದಿತ್ತು, ಆದರೆ ಆಡಳಿತ ಸಭೆಯಲ್ಲಿ ಮತ ಹಾಕುವಂತಿರಲಿಲ್ಲ. ಹೊಣೆ ಕೊಟ್ಟು ಅಧಿಕಾರ ಕೊಡದ ಈ ಏರ್ಪಾಡು ಬೇರೆಲ್ಲೂ ಕಂಡಿಲ್ಲವೆಂದು ನಮ್ಮಲ್ಲಿ ಯಾರಾದರೂ ಹೇಳುವರೇ?

ಆದರೂ ಹೆಣ್ಣುಮಕ್ಕಳು ಆಡಿದರು. 1884ರಲ್ಲಿ ವಿಂಬಲ್ಡನ್ ಮೊದಲ ಬಾರಿ ಮಹಿಳೆಯರ ಸ್ಪರ್ಧೆ ನಡೆಸಿದಾಗ ಹದಿಮೂರು ಮಂದಿ ಬಂದರು. ಗೆದ್ದದ್ದು ಪಾದ್ರಿಯ ಮಗಳು ಮಾಡ್ ವಾಟ್ಸನ್, ಸೋತದ್ದು ಆಕೆಯ ಸ್ವಂತ ಅಕ್ಕ. ಅವರು ತೊಟ್ಟಿದ್ದು ಪಾದ ಮುಟ್ಟುವ ಲಂಗ, ಮಣಿಕಟ್ಟಿನವರೆಗಿನ ತೋಳು, ತಲೆಗೆ ಟೊಪ್ಪಿ. ಲಂಡನ್ನಿನ ಬಡಾವಣೆ ಈಲಿಂಗ್‌ನ ಪಾದ್ರಿಯೊಬ್ಬರ ಮಗಳು ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್ 1903ರಿಂದ 1914ರ ನಡುವೆ ಏಳು ಬಾರಿ ವಿಂಬಲ್ಡನ್ ಗೆದ್ದರು. ಮಕ್ಕಳಾದ ಮೇಲೂ ಗೆದ್ದರು. ಉದ್ದ ಲಂಗ, ಉದ್ದ ತೋಳಿನಲ್ಲೇ ಗೆದ್ದರು. ನಲವತ್ತನೆಯ ವಯಸ್ಸಿನಲ್ಲಿ, 1919ರ ಫೈನಲಿನಲ್ಲಿ, ತನ್ನ ಅರ್ಧ ವಯಸ್ಸಿನ ಸುಝಾನ್ ಲೆಂಗ್ಲೆನ್ ಎದುರು ಗೆಲುವಿಗೆ ಒಂದೇ ಅಂಕದ ದೂರಕ್ಕೆ ಎರಡು ಸಲ ಬಂದು ಸೋತರು.

ಮೈ ಮುಚ್ಚುವ ಉಡುಪಿನಲ್ಲಿ ಓಡಾಡಿ ಆಡಲಾಗದು ಎಂದು ವಾದಿಸುವವರು ಈ ಮೂವತ್ತೈದು ವರ್ಷಗಳ ಇತಿಹಾಸವನ್ನು ಮರೆತಿದ್ದಾರೆ. ಹೆಣ್ಣುಮಕ್ಕಳ ಉಡುಪಿನ ಮೇಲೆ ಹೊರಗಿನವರ ಒತ್ತಾಯ ಎರಡೂ ಕಡೆಯಿಂದ ಬರುತ್ತದೆ ಎಂಬುದನ್ನೂ ಗಮನಿಸಬೇಕು. 2011ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಸಂಸ್ಥೆ, ಆಟ ಆಕರ್ಷಕವಾಗಿ ಕಾಣಬೇಕೆಂದು ಆಟಗಾರ್ತಿಯರಿಗೆ ಸ್ಕರ್ಟ್ ಕಡ್ಡಾಯ ಮಾಡಲು ಹೊರಟಿತ್ತು. ಮುಸ್ಲಿಮ್ ದೇಶಗಳಷ್ಟೇ ಅಲ್ಲ, ಆಟಗಾರ್ತಿಯರೇ ವಿರೋಧಿಸಿದರು. 2012ರಲ್ಲಿ ಅದನ್ನು ಕೈಬಿಡಲಾಯಿತು. 2014ರಲ್ಲಿ ಫುಟ್ಬಾಲ್, 2017ರಲ್ಲಿ ಬಾಸ್ಕೆಟ್‌ಬಾಲ್ ಸಂಸ್ಥೆಗಳು ತಲೆವಸ್ತ್ರಕ್ಕೆ ಅನುಮತಿ ನೀಡಿದವು.

ಗೇಟಿನ ಬಳಿ ನಿಂತವರು

ನೆರೆಹೊರೆಯ ಕ್ಲಬ್ಬೆಂದರೆ ಎಲ್ಲರಿಗೂ ತೆರೆದ ಬಾಗಿಲೆಂದು ತಿಳಿಯಬಾರದು. ಸದಸ್ಯನಾಗಲು ಹಳೆಯ ಸದಸ್ಯರಿಬ್ಬರು ಹೆಸರು ಸೂಚಿಸಬೇಕು. ಕಮಿಟಿ ಒಪ್ಪಬೇಕು. ಒಪ್ಪದಿರಲು ಕಾರಣ ಹೇಳಬೇಕಾಗಿಲ್ಲ. ಸ್ವಯಂಸೇವಕರು ನಡೆಸುವ ಸಂಸ್ಥೆಯ ಸೌಂದರ್ಯವೂ ಕ್ರೌರ್ಯವೂ ಒಂದೇ ಜಾಗದಲ್ಲಿದೆ. 'ನಮ್ಮವರು' ಎಂಬ ಪದದಲ್ಲಿ.

ಆಂಜೆಲಾ ಬಕ್ಸ್‌ಟನ್ ಲಿವರ್‌ಪೂಲಿನಲ್ಲಿ ಹುಟ್ಟಿದ ಯಹೂದಿ ಹುಡುಗಿ. ಲಂಡನ್ನಿನ ಕಂಬರ್ಲೆಂಡ್ ಕ್ಲಬ್ಬು ಆಕೆಗೆ ಸದಸ್ಯತ್ವ ನಿರಾಕರಿಸಿತು. ಆಟ ಸಾಲದೆಂದಲ್ಲ, ಯಹೂದಿ ಎಂಬ ಕಾರಣಕ್ಕೆ. ಬಾಡಿಗೆ ಮನೆ ಹುಡುಕುತ್ತಾ ಹೆಸರು ಹೇಳಿದೊಡನೆ "ಮನೆ ಈಗಾಗಲೇ ಹೋಗಿದೆ" ಎಂಬ ಉತ್ತರ ಕೇಳಿದ ನಮ್ಮ ಸಹೋದರಿಯರಿಗೆ ಆಕೆಯ ಮುಖ ಹೇಗಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಅತ್ತ ಅಮೇರಿಕಾದಲ್ಲಿ ಕರಿಯರಿಗೆ ರಾಷ್ಟ್ರೀಯ ಟೆನಿಸ್ ಸಂಸ್ಥೆಯ ಸ್ಪರ್ಧೆಗಳಲ್ಲಿ ಪ್ರವೇಶವಿರಲಿಲ್ಲ. ಅವರು ಗೇಟಿನ ಬಳಿ ಅಳುತ್ತಾ ನಿಲ್ಲಲಿಲ್ಲ. ತಮ್ಮ ಕೇರಿಗಳಲ್ಲೇ ಕ್ಲಬ್ಬು ಕಟ್ಟಿಕೊಂಡರು. 1916ರಲ್ಲಿ ಆ ಕ್ಲಬ್ಬುಗಳು ಸೇರಿ ಅಮೆರಿಕನ್ ಟೆನಿಸ್ ಅಸೋಸಿಯೇಶನ್ ಎಂಬ ತಮ್ಮದೇ ಸಂಸ್ಥೆ ಮಾಡಿಕೊಂಡವು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಾಸ್ಮೊಪಾಲಿಟನ್ ಕ್ಲಬ್ ಎಂಬುದೊಂದಿತ್ತು. 1940ರಲ್ಲಿ ಆ ಕೇರಿಯ ನೆರೆಹೊರೆಯವರು ರಸ್ತೆಯಲ್ಲಿ ಹಲಗೆ ಬ್ಯಾಟಿನಿಂದ ಆಡುತ್ತಿದ್ದ ಬಡ ಹುಡುಗಿಯೊಬ್ಬಳ ಕೈಚಳಕ ನೋಡಿದರು. ತಮ್ಮತಮ್ಮಲ್ಲೇ ಚಂದಾ ಎತ್ತಿ ಆಕೆಗೆ ಕ್ಲಬ್ಬಿನ ಸದಸ್ಯತ್ವ ಕೊಡಿಸಿದರು, ಪಾಠಕ್ಕೆ ಹಣ ಕಟ್ಟಿದರು. ಕಲಿಸಿದವರು ಒಂದೇ ಕೈಯಿದ್ದ ತರಬೇತುದಾರ ಫ್ರೆಡ್ ಜಾನ್ಸನ್. ಹುಡುಗಿಯ ಹೆಸರು ಆಲ್ತಿಯಾ ಗಿಬ್ಸನ್. 1957ರಲ್ಲಿ ಆಕೆ ವಿಂಬಲ್ಡನ್ ಗೆದ್ದ ಮೊದಲ ಕರಿಯ ಮಹಿಳೆಯಾದರು. ಬಹುಮಾನ ನೀಡಿದ್ದು ಬ್ರಿಟನ್ನಿನ ರಾಣಿ.

ಅದರ ಹಿಂದಿನ ವರ್ಷ, 1956ರಲ್ಲಿ, ವಿಂಬಲ್ಡನ್ ಡಬಲ್ಸ್ ಗೆದ್ದ ಜೋಡಿ ಯಾವುದು ಗೊತ್ತೇ? ಆಲ್ತಿಯಾ ಗಿಬ್ಸನ್ ಮತ್ತು ಆಂಜೆಲಾ ಬಕ್ಸ್‌ಟನ್! ಜೊತೆಗಾರರು ಸಿಗದ ಇಬ್ಬರು ಒಬ್ಬರನ್ನೊಬ್ಬರು ಆರಿಸಿಕೊಂಡಿದ್ದರು. 1990ರ ದಶಕದಲ್ಲಿ ಆಲ್ತಿಯಾ ಕಾಯಿಲೆ ಮತ್ತು ಬಡತನದಲ್ಲಿ ಕುಗ್ಗಿ ಫೋನ್ ಮಾಡಿದಾಗ ಅವರಿಗಾಗಿ ಜಗತ್ತಿನೆಲ್ಲೆಡೆಯ ಟೆನಿಸ್ ಪ್ರೇಮಿಗಳಿಂದ ಹಣ ಕೂಡಿಸಿದ್ದು ಆಂಜೆಲಾ. 2020ರಲ್ಲಿ ತೀರಿಕೊಳ್ಳುವ ತನಕ ಆಂಜೆಲಾಗೆ ವಿಂಬಲ್ಡನ್ ಕ್ಲಬ್ಬಿನ ಸದಸ್ಯತ್ವ ಸಿಗಲಿಲ್ಲ.

ನಮ್ಮ ದೇಶದಲ್ಲೂ ಹಳೆಯ ಕ್ಲಬ್ಬುಗಳ ಗೇಟು ಯುರೋಪಿಯನ್ನರ ಕೈಯಲ್ಲಿತ್ತು. ಬೆಂಗಳೂರಿನ ಕಬ್ಬನ್ ಪಾರ್ಕಿನ ಸೆಂಚುರಿ ಕ್ಲಬ್ಬು 1917ರಲ್ಲಿ ದಿವಾನ್ ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ ಆರಂಭವಾದದ್ದು ಈ ಹಿನ್ನೆಲೆಯಲ್ಲೇ. ಭಾರತ ಮೊದಲ ಬಾರಿ ಡೇವಿಸ್ ಕಪ್ ಆಡಿದ 1921ರ ತಂಡದಲ್ಲಿ ಮುಹಮ್ಮದ್ ಸಲೀಮ್ ಮತ್ತು ಅತ್ಹರ್ ಅಲಿ ಫೈಝಿ ಇದ್ದರು. 1939ರಲ್ಲಿ ವಿಂಬಲ್ಡನ್ ಕ್ವಾರ್ಟರ್ ಫೈನಲ್ ತಲುಪಿದ ಮೊದಲ ಭಾರತೀಯ, ಉತ್ತರ ಪ್ರದೇಶದ ಮಾವಿನ ಊರು ಮಲಿಹಾಬಾದಿನ ಗೌಸ್ ಮುಹಮ್ಮದ್. ಟೆನಿಸ್ ನಮಗೆ ಸಂಬಂಧಿಸದ ಆಟವೆಂದು ಹೇಳುವವರು ಈ ಹೆಸರುಗಳನ್ನು ನೆನಪಿಡುವುದು ಒಳ್ಳೆಯದು.

ಭೋಪಾಲದ ಬೇಗಮ್

ಮಹಿಳೆಯರ ಕ್ಲಬ್ಬಿನ ಮಾತು ಬಂದಾಗ ಭೋಪಾಲದ ನವಾಬ್ ಸುಲ್ತಾನ್ ಜಹಾನ್ ಬೇಗಮ್‌ರನ್ನು ಮರೆಯಲಾಗದು. 1901ರಿಂದ 1926ರವರೆಗೆ ಆಳಿದ ಈ ರಾಣಿ ಬುರ್ಖಾ ಧರಿಸಿಯೇ ದರ್ಬಾರು ನಡೆಸಿದವರು. ಅಲಿಘರ್ ಮುಸ್ಲಿಮ್ ವಿಶ್ವವಿದ್ಯಾನಿಲಯದ ಪ್ರಥಮ ಕುಲಾಧಿಪತಿ. ತನ್ನ ಆಳ್ವಿಕೆಯ ಮೊದಲ ದಶಕದಲ್ಲೇ ಅವರು ಭೋಪಾಲದಲ್ಲಿ ಮಹಿಳೆಯರಿಗಾಗಿ ಒಂದು ಕ್ಲಬ್ ತೆರೆದರು. ಪರ್ದಾದಲ್ಲಿರುವ ಹೆಂಗಸರು ಗೋಡೆಯೊಳಗಿನ ತೋಟದಲ್ಲಿ ಸೇರಿ ಭಾಷಣ ಕೇಳಿದರು, ಕೈಕೆಲಸ ಕಲಿತರು, ಆರೋಗ್ಯದ ಪಾಠ ಕೇಳಿದರು. ಆಟಕ್ಕೂ ಅಲ್ಲಿ ಜಾಗವಿತ್ತು. ಅವರ ಮೊಮ್ಮಗಳು ಆಬಿದಾ ಸುಲ್ತಾನ್ 1949ರಲ್ಲಿ ಅಖಿಲ ಭಾರತ ಮಹಿಳಾ ಸ್ಕ್ವಾಷ್ ಚಾಂಪಿಯನ್ ಆದರು.

ಆದರೆ ರಾಣಿಯ ಕ್ಲಬ್ಬು ಖಜಾನೆಯ ಬಲದಿಂದ ನಡೆಯುವಂಥದ್ದು. ನಮ್ಮ ಬಡಾವಣೆಗಳಿಗೆ ಅದು ಮಾದರಿಯಾಗದು. ನಮಗೆ ಹತ್ತಿರವಾದದ್ದು ಟ್ಯುನೀಶ್ಯಾದ ಒಬ್ಬ ತಾಯಿ. ಆಕೆ ಊರ ಕ್ಲಬ್ಬಿನಲ್ಲಿ ತನ್ನ ಸಂತೋಷಕ್ಕಾಗಿ ಟೆನಿಸ್ ಆಡುತ್ತಿದ್ದರು. ಮೂರು ವರ್ಷದ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಆ ಮಗಳು ಉನ್ಸ್ ಜಾಬಿರ್, 2022 ಮತ್ತು 2023ರಲ್ಲಿ ವಿಂಬಲ್ಡನ್ ಫೈನಲ್ ಆಡಿದರು. ಇಲ್ಲಿ ತಾಯಿ ಮಗಳನ್ನು ತರಬೇತಿಗೆ ಬಿಟ್ಟು ಹೊರಗೆ ಬೆಂಚಿನಲ್ಲಿ ಕಾದು ಕೂತಿರಲಿಲ್ಲ. ಮೊದಲು ತಾನೇ ಆಡಿದರು.

ಪ್ರವಾದಿವರ್ಯರು(ಸ) ಪತ್ನಿ ಆಯಿಶಾ(ರ)ರೊಂದಿಗೆ ಪ್ರಯಾಣದಲ್ಲಿ ಓಟದ ಪಂದ್ಯ ಮಾಡಿದ್ದು ಹದೀಸ್‌ಗಳಲ್ಲಿದೆ. ಮೊದಲ ಸಲ ಆಯಿಶಾ(ರ) ಗೆದ್ದರು. ಕೆಲವು ಕಾಲದ ನಂತರ ಮೈ ತುಂಬಿಕೊಂಡಾಗ ಪ್ರವಾದಿ(ಸ) ಗೆದ್ದು, ಅದಕ್ಕಿದು ಸರಿಯಾಯಿತೆಂದು ತಮಾಷೆ ಮಾಡಿದರು. ನಿನ್ನ ಶರೀರಕ್ಕೂ ನಿನ್ನ ಮೇಲೆ ಹಕ್ಕಿದೆ ಎಂದು ಅನುಯಾಯಿಗೆ ನೆನಪಿಸಿದವರೂ ಅವರೇ. ಮಧುಮೇಹ, ಮಂಡಿನೋವು, ರಕ್ತದೊತ್ತಡಗಳಿಗೆ ಮಾತ್ರೆ ಡಬ್ಬಿ ಜೋಡಿಸಿಟ್ಟಿರುವ ನಮ್ಮ ಮನೆಗಳಲ್ಲಿ ಈ ಹಕ್ಕಿನ ಲೆಕ್ಕ ಬಹಳ ಬಾಕಿಯಿದೆ.

ನಮ್ಮಲ್ಲೇನು ಕೊರತೆ?

ಲಾಲ್‌ಬಾಗ್‌ನಲ್ಲಿ, ಜಯನಗರದ ಪಾರ್ಕುಗಳಲ್ಲಿ ಬೆಳಗಿನ ಹೊತ್ತು ಬುರ್ಖಾದ ಕೆಳಗೆ ಸ್ಪೋರ್ಟ್ಸ್ ಶೂ ತೊಟ್ಟ ಮಹಿಳೆಯರು ವೇಗವಾಗಿ ನಡೆಯುವುದನ್ನು ಕಾಣಬಹುದು. ನಡಿಗೆಗೆ ಅನುಮತಿ ಸಿಕ್ಕಿದೆ, ವೈದ್ಯರು ಹೇಳಿದ್ದಾರಲ್ಲ! ಆಟಕ್ಕೆ ಯಾವ ವೈದ್ಯರೂ ಚೀಟಿ ಬರೆದು ಕೊಟ್ಟಿಲ್ಲ. ಬಾಡಿಗೆ ಕೋರ್ಟುಗಳು ಈಗ ನಗರದ ತುಂಬಾ ಇವೆ. ಗಂಟೆಗೆ ಇಷ್ಟು ಎಂದು ಹಣ ಕೊಟ್ಟರೆ ಯಾರೂ ಜಾತಿ-ಧರ್ಮ ಕೇಳುವುದಿಲ್ಲ, ಅದು ಒಳ್ಳೆಯದೇ. ಆದರೆ ಅಲ್ಲಿ ಪಕ್ಕದ ಅಂಕಣದಲ್ಲಿ ಯಾರಿರುತ್ತಾರೆ, ಯಾರು ವಿಡಿಯೋ ಮಾಡುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ತಿಂಗಳ ಕೊನೆಯಲ್ಲಿ ಆ ಹಣ ಮನೆಖರ್ಚಿನಿಂದ ಮೊದಲು ಕತ್ತರಿಸಲ್ಪಡುವ ಹಣವೂ ಹೌದು.

ಪಾರ್ಕಿನಲ್ಲೇ ಒಂದು ಮೂಲೆ ಕೇಳೋಣ ಎಂದರೆ ಅದೂ ಸುಲಭವಲ್ಲ. 1985ರ ಕರ್ನಾಟಕ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಕಾಯಿದೆ ಅವುಗಳನ್ನು ಬೇರೆ ಉಪಯೋಗಕ್ಕೆ ತಿರುಗಿಸದಂತೆ ಕಾಯುತ್ತದೆ. ಕಾಯಬೇಕಾದದ್ದೇ. ಪಾರ್ಕು ಎಲ್ಲರದು. ಅದರಲ್ಲಿ ಗೋಡೆ ಎಬ್ಬಿಸುವ ಹಕ್ಕು ನಮಗೂ ಇಲ್ಲ, ಬೇರೆಯವರಿಗೂ ಇಲ್ಲ.

ಹಾಗಾದರೆ ನಾಲ್ಕು ಗೋಡೆ, ಎತ್ತರದ ಸೂರು, ಬಾಗಿಲಿಗೆ ಚಿಲಕವಿರುವ ಜಾಗ ನಮ್ಮ ಬಳಿ ಎಲ್ಲಿದೆ? ಇದೆ. ಶಾದಿ ಮಹಲ್. ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳಲ್ಲಿ ಸಂಘ-ಸಂಸ್ಥೆಗಳ ಹಾಲುಗಳಿವೆ, ಖಾಸಗಿಯವರದ್ದಿವೆ, ಸರಕಾರದ ಅನುದಾನದಲ್ಲಿ ಕಟ್ಟಿದವೂ ಇವೆ. ಮದುವೆಗಳು ಹೆಚ್ಚಾಗಿ ನಡೆಯುವುದು ವಾರದ ಕೊನೆಗೆ. ಸೋಮವಾರದಿಂದ ಗುರುವಾರದ ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ, ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ, ಆ ಹಾಲುಗಳ ಫ್ಯಾನುಗಳಿಗೆ ಕೆಲಸವಿಲ್ಲ. ಎಲ್ಲ ಹಾಲೂ ಆಗುವುದಿಲ್ಲ. ಸೂರು ತಗ್ಗಾದರೆ ಶಟಲು ಬಡಿಯುತ್ತದೆ, ಜೂಮರ್ ದೀಪ ಇಳಿಬಿಟ್ಟಿದ್ದರೆ ಮೊದಲ ದಿನವೇ ಜಗಳ. ಸೂರು ತಗ್ಗಿದ್ದಲ್ಲಿ ಟೇಬಲ್ ಟೆನಿಸ್ ಆಗಬಹುದು, ಅದರ ಮೇಜು ಒಂಬತ್ತು ಅಡಿಗೆ ಐದು ಅಡಿ ಅಷ್ಟೇ.

ನಡೆಸುವವರು? ಚಂದಾ, ರಶೀದಿ ಪುಸ್ತಕ, ಗೌರವ ಕಾರ್ಯದರ್ಶಿ, ವಾರ್ಷಿಕ ಸಭೆ, ಸಭೆಯಲ್ಲಿ ಗಲಾಟೆ. ಇದೆಲ್ಲ ನಮಗೆ ಹೊಸದೇ? ಮಸೀದಿ ಕಮಿಟಿಗಳು, ಅಂಜುಮನ್‌ಗಳು ನಡೆಯುವುದೇ ಹೀಗೆ. ಬೆಂಗಳೂರಿನಲ್ಲಿ 1966ರಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಮತ್ತು ಸಂಗಡಿಗರು ಅಲ್-ಅಮೀನ್ ಶಿಕ್ಷಣ ಸಂಸ್ಥೆ ಕಟ್ಟಲು ತೊಡಗಿದ್ದೂ ಚಂದಾ ಮತ್ತು ಸ್ವಯಂಸೇವೆಯ ಬಲದಲ್ಲೇ. ಇನ್ನು ಹೆಂಗಸರು ಮನೆಮನೆಯಲ್ಲಿ ನಡೆಸುವ ಚೀಟಿ ವ್ಯವಹಾರ ನೋಡಿ. ಹದಿನೈದು ಮಂದಿಯ ಹಣ, ಒಂದು ನೋಟ್ ಪುಸ್ತಕ, ಯಾರಿಗೆ ಯಾವ ತಿಂಗಳು ಎಂಬ ತಕರಾರಿಲ್ಲದ ಲೆಕ್ಕ. ಲೆಮಿಂಗ್ಟನ್ನಿನ ವಕೀಲರಿಗಿಂತ ಇವರು ಕಡಿಮೆಯೇನಲ್ಲ. ಕೊರತೆ ಇರುವುದು ಬೀಗದ ಕೈಯದ್ದು. ಶಾದಿ ಮಹಲಿನ ಕಮಿಟಿಯಲ್ಲಿ ಹೆಂಗಸರಿಗೆ ಜಾಗವಿಲ್ಲ. ಅಡುಗೆ ಮನೆಗೆ ಎಷ್ಟು ಪಾತ್ರೆ ಬೇಕೆಂದು ಕೇಳಲೂ ಅವರನ್ನು ಕರೆಯುವುದು ಕಡಿಮೆ.

ಕೇಳುವವರು ಬರಿಗೈಯಲ್ಲಿ ಹೋಗಬಾರದು. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರ ಪ್ರಕಾರ ಏಳು ಮಂದಿ ಸೇರಿದರೆ ಸಂಘ ನೋಂದಾಯಿಸಬಹುದು. ಕ್ರೀಡೆಯೂ ಅದರ ಉದ್ದೇಶವಾಗಬಹುದು. ನಿಯಮಾವಳಿ ಬರೆಯಬೇಕು, ವರ್ಷಕ್ಕೊಮ್ಮೆ ಸಭೆ ಕರೆದು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಲ್ಲಿಸದೆ ಸತ್ತುಹೋದ ಸಂಘಗಳು ಬಹಳ. ಆರಂಭದಲ್ಲೇ ನೋಂದಣಿ ಬೇಕೆಂದೂ ಇಲ್ಲ. ಆರು ತಿಂಗಳು ಸುಮ್ಮನೆ ಆಡಿ ನೋಡಬಹುದು. ಆದರೆ ಕಮಿಟಿಯ ಮುಂದೆ ಹೋಗುವಾಗ ಏಳು ಹೆಸರು, ವಾರದ ಎರಡು ದಿನ, ಕರೆಂಟಿನ ಖರ್ಚಿಗೆ ಇಂತಿಷ್ಟು ಚಂದಾ, ಹಾಲು ಗುಡಿಸಿ ಕೊಡುವ ಹೊಣೆ ಎಂದು ಒಂದು ಹಾಳೆಯಲ್ಲಿ ಬರೆದು ಒಯ್ದರೆ ಇಲ್ಲವೆನ್ನುವುದು ಕಷ್ಟ. ಸದಸ್ಯತ್ವದ ನಿಯಮ ಬರೆಯುವಾಗ ಆಂಜೆಲಾರನ್ನು ನೆನಪಿಸಿಕೊಳ್ಳಬೇಕು. ಪಕ್ಕದ ಮನೆಯ ಹಿಂದೂ, ಕ್ರೈಸ್ತ ಸಹೋದರಿಯೂ ನಾಳೆ ಬಂದು ಕೇಳಬಹುದು. ಮನೆಗೆಲಸದ ಆಯಾ ಕೂಡ ಕೇಳಬಹುದು.

ಸಾಮಾನು ಹೆಚ್ಚೇನೂ ಬೇಕಾಗಿಲ್ಲ. ನೆಲಕ್ಕೆ ಬಣ್ಣ ಬಳಿಯದೆ, ಆಟ ಮುಗಿದ ಮೇಲೆ ಕಿತ್ತು ತೆಗೆಯಬಹುದಾದ ಟೇಪಿನಿಂದ ಗೆರೆ ಹಾಕಬಹುದು. ಹಳೆಯ ಪೇಂಟ್ ಡಬ್ಬಿಗಳಲ್ಲಿ ಕಾಂಕ್ರೀಟು ತುಂಬಿ ಪೈಪು ನೆಟ್ಟರೆ ಎರಡು ಕಂಬ. ಬಲೆಯ ಎತ್ತರ ಕಂಬದ ಬಳಿ ಐದು ಅಡಿ ಒಂದು ಇಂಚು, ನಡುವಿನಲ್ಲಿ ಐದು ಅಡಿ. ಗರಿಯ ಶಟಲು ಬೇಗ ಹಾಳಾಗುತ್ತದೆ, ಕಲಿಯುವವರಿಗೆ ನೈಲಾನಿನದ್ದು ಸಾಕು. ಹಿಂದಿನ ರಾತ್ರಿ ವಲೀಮಾ ನಡೆದಿದ್ದರೆ ನೆಲದಲ್ಲಿ ತುಪ್ಪದ ಜಿಡ್ಡು ಇದ್ದೇ ಇರುತ್ತದೆ. ಆ ದಿನ ಅರ್ಧ ಗಂಟೆ ಮೊದಲೇ ಬಂದು ಬಿಸಿನೀರು, ಸೋಪಿನ ಪುಡಿ ಹಾಕಿ ಒರೆಸುವ ಸರದಿ ಯಾರದೆಂದು ಬಾಗಿಲ ಹಿಂದೆ ಒಂದು ಪಟ್ಟಿ ಅಂಟಿಸಿಡಬೇಕು.